ಬಾಗಿಲಲ್ಲಿ ನಿಂತವನು

ಸಿಥು ಬೂಟಿನೊಳಗೆ ಕಾಲಿಟ್ಟವನೇ ಹಿಂದಕ್ಕೆಳೆದುಕೊಂಡ. ಒಳಗೆ ಊಟದ ಮನೆಯ ಖಾರದ ಸಂಬಾಲ್ ಚಟ್ನಿ, ಅದರ ಮೇಲೆ ಯಾರದೋ ಉಗುಳು. ಬ್ಯಾರಕ್ಕಿನಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಅವನು ಬೂಟು ತೊಳೆದು, ಒರೆಸಿ, ಒದ್ದೆಯಲ್ಲೇ ಹಾಕಿಕೊಂಡು ಲೇಸು ಬಿಗಿದ.

ಪಕ್ಕದ ಮಂಚದ ಟೆಕ್ ಕಿಯಾಟ್ ಓರೆಗಣ್ಣಲ್ಲಿ ನೋಡುತ್ತಿದ್ದ. ಬೈಯಬಾರದೇ, ಯಾರನ್ನಾದರೂ ಹಿಡಿದು ಬಡಿಯಬಾರದೇ? ಆ ತಣ್ಣಗಿನ ಮುಖ ನೋಡಿದರೇ ಅವನಿಗೆ ಅಸಹ್ಯ.

ಬಂದ ಹೊಸದರಲ್ಲಿ ಸಿಥು ಹೀಗಿರಲಿಲ್ಲ. ಮಂಡಾಲೆಯಿಂದ ಅಪ್ಪ ಅಮ್ಮನ ಜೊತೆ ಸಿಂಗಪುರಕ್ಕೆ ಬಂದು ನೆಲೆಸಿದ ಹುಡುಗ. ಇಲ್ಲಿಯ ಹುಡುಗರಂತೆ ಅವನೂ ಎರಡು ವರ್ಷ ಸೈನ್ಯದಲ್ಲಿ ಬೆವರು ಸುರಿಸಲೇಬೇಕು. ಮೊದಮೊದಲು ಮಾತೆತ್ತಿದರೆ ಎದುರುತ್ತರ, ಗದರಿದರೆ ಅಳು. ಸಾರ್ಜೆಂಟ್ ಅವನನ್ನು ಟೆಕ್ ಕಿಯಾಟ್‌ಗೆ ಗಂಟುಹಾಕಿದ. ಶಿಬಿರದಲ್ಲಿ ಒಂಟಿ ಓಡಾಟವಿಲ್ಲ, ಶೌಚಾಲಯಕ್ಕೂ ಜೋಡಿಯಾಗಿಯೇ ಹೋಗಬೇಕು. ಜೋಡಿಯನ್ನು ಯಾವತ್ತೂ ಬಿಟ್ಟುಕೊಡಬಾರದೆಂದು ಸಾರ್ಜೆಂಟ್ ಅರಚಿದ್ದನ್ನು ಉಳಿದವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಸಿಥು ಬಿಡಲಿಲ್ಲ. ಈಗ ಓಟದಲ್ಲಿ ಅವನೇ ಮುಂದು, ಹಾಸಿಗೆ ಅವನದೇ ಚೊಕ್ಕ. ಅತ್ತದ್ದನ್ನಂತೂ ಯಾರೂ ಮತ್ತೆ ನೋಡಲಿಲ್ಲ.

ಆಮೇಲೆ ಬ್ಯಾರಕ್ಕಿನ ಯಾರೋ ಸಾರ್ಜೆಂಟ್‌ಗೆ ಚಾಡಿ ಹೇಳತೊಡಗಿದರು. ಫಿರ್ದೌಸ್ ಬಚ್ಚಿಟ್ಟಿದ್ದ ಸಿಗರೇಟು ಜಪ್ತಿಯಾಯಿತು. ಬೂನ್ ಸಿಯಾಂಗ್ ಕದ್ದುಮುಚ್ಚಿ ತಂದಿದ್ದ ಫೋನೂ ಹೋಯಿತು. ಎರಡು ಶನಿವಾರ ಯಾರನ್ನೂ ಮನೆಗೆ ಬಿಡಲಿಲ್ಲ. ಅಜ್ಜಿಗೆ ಹುಷಾರಿಲ್ಲವೆಂದು ಟೆಕ್ ಕಿಯಾಟ್ ಒಬ್ಬ ಒಮ್ಮೆ ಹೋಗಿಬಂದಿದ್ದ. ಅಷ್ಟರಲ್ಲಿ ಫಿರ್ದೌಸ್ ಕಣ್ಣಾರೆ ಕಂಡ: ಸಂಜೆ ಸಾರ್ಜೆಂಟ್ ಕೋಣೆಯ ಬಾಗಿಲಲ್ಲಿ ಸಿಥು. ಹೊರಗಿನಿಂದ ಬಂದವನು ಬೇರೆ. ಮುಂದಕ್ಕೆ ಯೋಚಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಇವತ್ತು ಲೆಫ್ಟಿನೆಂಟ್ ಬರುವವರಿದ್ದರು. ಚಾಡಿಕೋರನ ಜೊತೆ ಇರಲಾರೆವೆಂದು ಎಲ್ಲರೂ ಒಟ್ಟಾಗಿ ಹೇಳಿದರೆ ಸಿಥುವನ್ನು ಮುಂದಿನ ತಂಡಕ್ಕೆ ತಳ್ಳುತ್ತಿದ್ದರು. ತರಬೇತಿ ಮೊದಲಿನಿಂದ, ಅಧಿಕಾರಿಯಾಗುವ ಆಸೆಗೆ ಎಳ್ಳುನೀರು.

ಫಿರ್ದೌಸ್ ಸಿಥುವಿನ ಮಂಚಕ್ಕೆ ಅಡ್ಡ ನಿಂತ. "ಸಾರ್ಜೆಂಟ್ ಬಾಗಿಲಲ್ಲಿ ನಿಂತಿದ್ಯೋ ಇಲ್ವೋ?"

"ನಿಂತಿದ್ದೆ."

"ಒಂದೇ ಸಲಾನಾ?"

"ಹೋದಾಗ್ಲೆಲ್ಲ."

"ಥೂ. ನಾಚ್ಕೆ ಆಗಲ್ವೇನೋ ನಿಂಗೆ?"

ಸಿಥು ಟೆಕ್ ಕಿಯಾಟ್ ಕಡೆ ನೋಡಿದ. "ಆಗುತ್ತೆ," ಎಂದ.

ಲೆಫ್ಟಿನೆಂಟ್ ಬಂದು, ಇವನು ಬೇಡವೆನ್ನುವವರು ಕೈಯೆತ್ತಿ ಎಂದಾಗ ಎಲ್ಲರೂ ಎತ್ತಿದರು. ಟೆಕ್ ಕಿಯಾಟ್ ಕೈ ಎಲ್ಲರಿಗಿಂತ ಮೊದಲು ಎದ್ದಿತು. ಹೇಳುವುದೇನಾದರೂ ಇದೆಯೇ ಎಂದು ಅವರು ಸಿಥುವನ್ನು ಕೇಳಿದರು. ಏನೂ ಇಲ್ಲವೆಂದ.

ಅವನು ಕೊನೆಯ ಸಲ ಹೊದಿಕೆ ಮಡಿಸಿದ, ಅಂಚು ಸರಿಪಡಿಸಿದ, ಮೂಟೆ ಹೆಗಲಿಗೇರಿಸಿದ. ಟೆಕ್ ಕಿಯಾಟ್‌ನ ಮಂಚದ ಬಳಿ ಒಂದು ಗಳಿಗೆ ನಿಂತು ಅವನಿಗೆ ಮೆಲ್ಲಗೆ ಹೇಳಿದ:

"ಒಬ್ನೇ ಎಲ್ಲೂ ಹೋಗ್ಬೇಡ. ಸಿಕ್ಕಿಬೀಳ್ತೀಯ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಟೆಕ್ ಕಿಯಾಟ್‌ಗೆ ಸಹಿಸಲಾಗಲಿಲ್ಲ, ಬಾಯೆಲ್ಲ ಕಹಿಯಾಯಿತು.

ಸಂಜೆ ಬೂನ್ ಸಿಯಾಂಗ್ ದಿಂಬಿನೊಳಗೆ ಹೊಸ ಸಿಗರೇಟು ಪ್ಯಾಕು ತುರುಕುವುದು ಟೆಕ್ ಕಿಯಾಟ್ ಕಣ್ಣಿಗೆ ಬಿತ್ತು. ಮನೆಗೆ ಹೋಗುವ ಶನಿವಾರ ಹತ್ತಿರ ಬಂದಿತ್ತು. ತನ್ನ ಮೇಲೆ ತನಗೇ ವಾಕರಿಕೆ ಬಂದರೂ ಎದ್ದು ಟೋಪಿ ಹಾಕಿಕೊಂಡ.

ಅವನು ಸಾರ್ಜೆಂಟ್ ಕೋಣೆಯೊಳಗೆ ಹೋಗಿ ಹೇಳಿ ಬರುವವರೆಗೆ ಬಾಗಿಲಲ್ಲಿ ಕಾಯಲು ಇನ್ನು ಬೇರೊಬ್ಬ ಜೋಡಿ ಬೇಕಿತ್ತು.