ಹಿಡಿದ ಮಳೆ

ರುಕ್ಮವ್ವ ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅದನ್ನು ಕಂಡು, ಊರೂರಿನ ಮಳೆನೀರು ಪರೀಕ್ಷಿಸುವ ಮೃಣಾಲಿನಿ ಅಂಗಳದಲ್ಲೇ ನಿಂತುಬಿಟ್ಟಳು.

“ಅವ್ವಾ, ನನಗ ಕಳಸೋ ಮಳಿನೀರು ಇದರಾಗ ಹಿಡೀತೀಯೇನು?”

“ಮತ್ತ? ನೀವು ಕೊಟ್ಟ ಪ್ಲಾಸ್ಟಿಕ್ ಬಕೀಟಿನ್ಯಾಗ ಗಂಗವ್ವನ್ನ ಹಿಡೀಲೇನ್ರಿ? ಇದರಾಗ ಹಿಡದು ನಿಮ್ಮ ಬಾಟ್ಲಿಗೆ ಹಾಕತೇನಿ. ಬ್ಯಾರೆ ನೀರು ಸೋಕಬಾರದು ಅಂದಿದ್ರಲ್ಲ, ಅದಕ್ಕ ತಿಕ್ಕಿದ ಮ್ಯಾಲೆ ತೊಳಿಯೂದಿಲ್ಲ. ಅರಬಿಲೆ ಒರಸತೇನಿ ಅಷ್ಟ.”

ಆ ಬಾಟಲಿಗಳ ನೀರಿನಲ್ಲಿ ಕಂಡ ಹುಳಿಯನ್ನು ಮಳೆಯದೇ ಆಮ್ಲವೆಂದು ನಂಬಿಯೇ ಮೃಣಾಲಿನಿಯ ಕಂಪ್ಯೂಟರು ರುಕ್ಮವ್ವನ ಊರು ಸುಳ್ಳದ ಮಣ್ಣು ಕೆಡುವ, ಕೆರೆಯ ಮೀನು ಸಾಯುವ ವರ್ಷವನ್ನು ಲೆಕ್ಕ ಹಾಕಿ ಹೇಳಿತ್ತು. ನಾಳೆ ಧಾರವಾಡದ ಸಭೆಯಲ್ಲಿ ಅವಳು ಅದನ್ನೇ ಓದಬೇಕಿತ್ತು.

“ಯಾಕ್ರೀ ಅಕ್ಕಾರ, ಮಾರಿ ಸಣ್ಣದು ಮಾಡೀರಿ? ನಮ್ಮ ಕೆರಿಗೆ ಏನರ ಆಗತೈತೇನ್ರಿ?”

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

“ನನಗ ಗೊತ್ತಿಲ್ಲವ್ವಾ,” ಎಂದಳು.