ಕೇಳುವ ಕಲೆ

ಎರಡು ದಿನದ ತರಬೇತಿ ಮುಗಿಸಿ ಬಂದ ಸಾಹೇಬರು ಅಂದು ಬೆಲ್ ಒತ್ತಲಿಲ್ಲ. ತಾವೇ ಹೊರಗೆ ಬಂದು, ಅಟೆಂಡರ್ ಫಕೀರಪ್ಪನನ್ನು ಮೀಟಿಂಗ್ ಹಾಲಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ಹದಿನೆಂಟು ವರ್ಷ ಅವನು ಆ ಕುರ್ಚಿಗಳನ್ನು ಒರೆಸಿದ್ದನೇ ಹೊರತು ಕೂತಿರಲಿಲ್ಲ. ಗೋಡೆಯ ಪಕ್ಕ ಆರು ಮಂದಿ ಅಧಿಕಾರಿಗಳು ನೋಟ್‌ಬುಕ್ ಹಿಡಿದು ಕೂತಿದ್ದರು.

“ಏನು ನಿಮ್ಮ ಸಮಸ್ಯೆ? ಮನಸ್ಸು ಬಿಚ್ಚಿ ಹೇಳಿ.”

“ಮಗಳಿಗೆ ನಾಳೆ ಆಪರೇಷನ್ ಐತ್ರೀ ಸಾಹೇಬ್ರ. ಎದಿಯಾಗ ತೂತು ಐತಿ ಅಂದಾರ. ನಾಕು ದಿನ ರಜೆ ಕೇಳಿ ಮೂರು ಅರ್ಜಿ ಕೊಟ್ಟೀನ್ರಿ, ಒಂದಕ್ಕೂ ನಿಮ್ಮ ಸಹಿ ಆಗಿಲ್ಲ. ಇವತ್ತು ಸಂಜಿ ಬಸ್ಸಿಗೆ ಹೋಗಬೇಕ್ರಿ.”

ಸಾಹೇಬರು ಮುಂದಕ್ಕೆ ಬಾಗಿ, ತಲೆಯನ್ನು ಒಂಚೂರು ವಾಲಿಸಿದರು. “ಅಂದರೆ, ಮಗಳಿಗೆ ನಾಳೆ ಆಪರೇಷನ್. ಮೂರು ಅರ್ಜಿ ಕೊಟ್ಟಿದ್ದೀರಿ, ಸಹಿ ಆಗಿಲ್ಲ. ನಾನು ಸರಿಯಾಗಿ ಕೇಳಿಸಿಕೊಂಡೆನಾ?”

“ಹೌದ್ರೀ.”

“ನಿಮಗೆ ತುಂಬ ಸಂಕಟವಾಗಿದೆ.”

ಫಕೀರಪ್ಪನಿಗೆ ಅಳು ತಡೆಯಲಾಗಲಿಲ್ಲ. ಸಾಹೇಬರು ಅವಸರಪಡದೆ ಕಾದರು, ನೀರಿನ ಲೋಟವನ್ನು ಅವನ ಮುಂದೆ ಸರಿಸಿದರು. ಅವನು ನೀರು ಕುಡಿದು, ಕಣ್ಣೊರೆಸಿಕೊಂಡು ಎದ್ದ.

“ಹಂಗಾರ ನಾ ಹೊಂಡ್ಲೇನ್ರಿ?”

“ಇರಿ, ಇರಿ, ಕೂತ್ಕೊಳ್ಳಿ.” ಸಾಹೇಬರು ಅಧಿಕಾರಿಗಳ ಕಡೆ ತಿರುಗಿದರು. “ನೋಡಿದಿರಲ್ಲ? ಸಿಬ್ಬಂದಿಯ ಮಾತನ್ನು ಹೀಗೆ ಕೇಳಬೇಕು. ಈಗ ಒಬ್ಬೊಬ್ಬರೇ ಬಂದು ಅಭ್ಯಾಸ ಮಾಡಿ.”

ಮೊದಲನೆಯವರು ಬಂದು ಎದುರು ಕೂತರು, ಲೋಟಕ್ಕೆ ಮತ್ತೆ ನೀರು ತುಂಬಿಸಿ ತಮ್ಮ ಕೈಹತ್ತಿರ ಇಟ್ಟುಕೊಂಡರು.

“ಮೊದಲಿಂದ ಹೇಳಪ್ಪಾ ಫಕೀರಪ್ಪ. ನೀನು ಅಳೋ ಹೊತ್ತಿಗೆ ನೀರು ಕೊಡ್ತೀನಿ.”