ನೀಲಿ ಕಾಗದ

“ಇಲ್ಲೊಂದು ನೀಲಿ ಕಾಗದ ಇತ್ತಲ್ಲ, ಕಂಡ್ಯಾ?” ಅತ್ತೆ ಕಪಾಟಿನೊಳಗೆ ತಲೆ ತೂರಿಸಿಕೊಂಡೇ ಕೇಳಿದರು. ಹಬ್ಬಕ್ಕೆ ಇನ್ನು ಎರಡೇ ದಿನ ಉಳಿದಿತ್ತು.

“ಆ ಹಳೇದಾ? ಗೊಬ್ಬರದ ಡಬ್ಬಕ್ಕೆ ಹಾಕ್ದೆ ಅತ್ತೆ,” ಸೊಸೆ ಹೆಮ್ಮೆಯಿಂದಲೇ ಹೇಳಿದಳು. “ಚೂರು ಚೂರು ಮಾಡಿ ತರಕಾರಿ ಸಿಪ್ಪೆ ಮೇಲೆ ಹರಡಿದ್ದೀನಿ. ಮಿಂಚೋ ಕಾಗದ ಆದ್ರೆ ಕೊಳೆಯಲ್ಲ. ಇದರ ಮಿಂಚೆಲ್ಲ ಹೋಗಿತ್ತು, ನೋಡಿಯೇ ಹಾಕಿದ್ದು.”

ಆ ಮನೆಗೆ ಬಂದ ಮೇಲೆ ಅವಳಿಗದು ಮೊದಲ ಹಬ್ಬ. ಗಾಳಿಗೆ, ನೀರಿಗೆ, ಮಣ್ಣಿಗೆ ಎಳ್ಳಷ್ಟೂ ತೊಂದರೆಯಾಗದಂತೆ ಆಚರಿಸಬೇಕೆಂದು ಹಟ ತೊಟ್ಟು, ಒಂಬತ್ತು ಅಂಶಗಳ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಪ್ಲಾಸ್ಟಿಕ್ ಹೂವು ಬೇಡ, ಪಟಾಕಿ ಬೇಡ, ಬಣ್ಣದ ದೀಪ ಒಂದೇ ಗಂಟೆ, ಒಣ ಕಾಗದವೆಲ್ಲ ಗೊಬ್ಬರಕ್ಕೆ. ಅದನ್ನು ಓದಿದ ಗಂಡ, “ಉಸಿರಾಡಬಹುದು ತಾನೇ?” ಎಂದು ಕೇಳಿ ಬೈಸಿಕೊಂಡಿದ್ದ. ಅತ್ತೆ ಮಾತ್ರ ಒಂದಕ್ಕೂ ಅಡ್ಡ ಮಾತಾಡಿರಲಿಲ್ಲ.

ಈಗ ಅವರು ಮೆಲ್ಲಗೆ ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂತರು. ಹಬ್ಬದೊಳಗೆ ಕೊಡಬೇಕಾದ ಗಿರಾಕಿಗಳ ಬಟ್ಟೆ ಪಕ್ಕದಲ್ಲಿ ರಾಶಿ ಬಿದ್ದಿತ್ತು. ಒಂದನ್ನೆತ್ತಿ ಸೂಜಿಯ ಕೆಳಗಿಟ್ಟರು, ಆದರೆ ಕಾಲು ಆಡಲಿಲ್ಲ.

“ಅದು ನಮ್ಮಕ್ಕನ ಕಾಗದ ಕಣೆ,” ಎಂದರು.

ಅಕ್ಕ ತಂಗಿಯರ ನಡುವೆ ಮಾತು ನಿಂತು ಹನ್ನೊಂದು ವರ್ಷ ದಾಟಿತ್ತು. ಕಾರಣ ಇದೇ ಮೆಷಿನ್ನು. ಅಮ್ಮ ತೀರಿಕೊಂಡ ಮೇಲೆ, ಹೊಲಿಯುವವಳು ನಾನೇ ತಾನೇ ಎಂದು ತಂಗಿ ಕೇಳದೆ ಹೊರಿಸಿಕೊಂಡು ಬಂದಿದ್ದರು. ಕೇಳಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೇ ಎಂದು ಅಕ್ಕ ಮುನಿಸಿಕೊಂಡಿದ್ದರು. ಎರಡು ಮನೆಗಳ ನಡುವೆ ಇರುವುದು ಮೂರೇ ಬೀದಿ. ಆದರೂ ಇವರು ಅತ್ತ ಹೋಗಲಿಲ್ಲ, ಅವರು ಇತ್ತ ಬರಲಿಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಹಟದಲ್ಲಿ ಯಾರೂ ಕಡಿಮೆಯಿಲ್ಲ. ಆದರೆ ಆ ವರ್ಷದ ಹಬ್ಬಕ್ಕೆ ಅಕ್ಕನಿಂದ ಒಂದು ಗೋಡೆ ಗಡಿಯಾರ ಬಂತು, ಹೊಚ್ಚ ಹೊಸ ನೀಲಿ ಕಾಗದದಲ್ಲಿ ಸುತ್ತಿಕೊಂಡು. ಜೊತೆಗೊಂದು ಚೀಟಿಯೂ ಇರಲಿಲ್ಲ. ಮರುವರ್ಷ ತಂಗಿ ಅದೇ ಕಾಗದದ ಹರಿದ ಅಂಚು ಕತ್ತರಿಸಿ, ಇಸ್ತ್ರಿ ಮಾಡಿ, ಅದರಲ್ಲೇ ಟವೆಲ್ಲೊಂದನ್ನು ಸುತ್ತಿ ಮಗನ ಕೈಯಲ್ಲಿ ಕಳಿಸಿದರು. ಅಲ್ಲಿಂದ ಮುಂದೆ ಒಂದು ವರ್ಷ ಆ ಕಡೆಯಿಂದ, ಒಂದು ವರ್ಷ ಈ ಕಡೆಯಿಂದ. ಅಂಚು ಕತ್ತರಿಸಿ ಕತ್ತರಿಸಿ ಕಾಗದ ಚಿಕ್ಕದಾಗುತ್ತಾ ಬಂತು, ಉಡುಗೊರೆಯೂ ಅದರ ಅಳತೆಗೆ ಇಳಿಯಿತು. ಹೋದ ವರ್ಷ ಅಲ್ಲಿಂದ ಬಂದದ್ದು ಒಂದು ಸೋಪು.

“ಈ ಸಲ ದಾರದ ರೀಲು ಸುತ್ತೋಣ ಅಂತಿದ್ದೆ. ಸರಿಯಾಗಿ ಹಿಡೀತಿತ್ತು,” ಎಂದರು ಅತ್ತೆ.

“ನಾನೊಂದು ಬಟ್ಟೆ ಚೀಲ ಕೊಡ್ತೀನಿ ಅತ್ತೆ.”

“ಬೇರೆ ಯಾವುದ್ರಲ್ಲಿ ಕಳಿಸಿದ್ರೂ ಅವಳು ಅಂದ್ಕೊಳ್ಳೋದು ಒಂದೇ. ತಂಗಿ ಇದನ್ನೂ ಮುಗಿಸಿಬಿಟ್ಲು ಅಂತ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೊಸೆ ಹಿತ್ತಲಿಗೆ ಹೋಗಿ ಗೊಬ್ಬರದ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿದಳು. ಈರುಳ್ಳಿ ಸಿಪ್ಪೆಗೆಲ್ಲ ನೀಲಿ ಹತ್ತಿತ್ತು. ಹತ್ತಿಪ್ಪತ್ತು ಚೂರು ಸಿಕ್ಕವು. ಅವನ್ನೊಂದು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಅತ್ತೆಗೆ ಹೇಳದೆ ಅವರ ಅಕ್ಕನ ಮನೆಗೆ ಹೊರಟಳು.

ಮದುವೆಗೂ ಬಂದಿರದ ದೊಡ್ಡತ್ತೆಯನ್ನು ಅವಳು ನೋಡಿದ್ದು ಅದೇ ಮೊದಲು. ಅತ್ತೆಯದೇ ಮೂಗು. ಬಾಗಿಲಿಗೆ ಅಡ್ಡ ನಿಲ್ಲುವ ರೀತಿಯೂ ಅತ್ತೆಯದೇ.

“ನಾನು ನಿಮ್ಮ ತಂಗಿ ಸೊಸೆ. ಅತ್ತೆ ನಿಮಗೆ ದಾರದ ರೀಲು ಕಳಿಸ್ಬೇಕು ಅಂತಿದ್ರು. ಅದನ್ನ ಸುತ್ತೋ ಕಾಗದಾನ ನಾನು ಗೊತ್ತಿಲ್ದೆ ಗೊಬ್ಬರಕ್ಕೆ ಹಾಕ್ಬಿಟ್ಟೆ. ಅತ್ತೆದೇನೂ ತಪ್ಪಿಲ್ಲ.” ಒಂದೇ ಉಸಿರಿಗೆ ಹೇಳಿ ಡಬ್ಬಿ ಚಾಚಿದಳು.

ದೊಡ್ಡತ್ತೆ ಮುಚ್ಚಳ ತೆಗೆದರು. ಕೊಳೆತ ವಾಸನೆ ಗಪ್ಪೆಂದು ಹೊಡೆದರೂ ಮುಖ ತಿರುಗಿಸಲಿಲ್ಲ. ಬೆರಳ ತುದಿಗೆ ಒಂದು ಚೂರು ಅಂಟಿಸಿಕೊಂಡು ನೋಡಿದರು.

“ಅವಳು ಬೈದ್ಲಾ?”

“ಇಲ್ಲ. ಮೆಷಿನ್ ಮುಂದೆ ಹೋಗಿ ಕೂತ್ರು. ತುಳೀಲಿಲ್ಲ.”

“ಹಬ್ಬದ ಕೆಲ್ಸ ಇಟ್ಕೊಂಡಾ?”

“ಹೂಂ.”

ದೊಡ್ಡತ್ತೆ ಡಬ್ಬಿಯ ಮುಚ್ಚಳ ಹಾಕಿದರು. “ಸರಿ, ಹೋಗು,” ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಹಬ್ಬದ ದಿನ ಪಟ್ಟಿಯ ಒಂಬತ್ತೂ ಅಂಶ ಚಾಚೂ ತಪ್ಪದೆ ನಡೆದವು. ಸೊಸೆಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಅತ್ತೆ ದಾರದ ರೀಲನ್ನು ಮೆಷಿನ್ನಿನ ಮೇಲೇ ಬಿಟ್ಟು, ಒರೆಸಿದ ಕಿಟಕಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಕರೆಗಂಟೆ ಸದ್ದಾಯಿತು.

ದೊಡ್ಡತ್ತೆ ನಿಂತಿದ್ದರು, ತೊಳೆದು ಥಳಥಳ ಮಾಡಿದ ಸ್ಟೀಲ್ ಡಬ್ಬಿ ಕೈಯಲ್ಲಿ ಹಿಡಿದು. ಅದನ್ನು ಸೊಸೆಗೆ ಕೊಟ್ಟು ಒಳಗೆ ಬಂದರು. ಗೋಡೆಯ ಮೇಲಿದ್ದ ಗಡಿಯಾರ ನೋಡಿದರು, ಮೂಲೆಯ ಮೆಷಿನ್ ನೋಡಿದರು. ಅತ್ತೆ ಒರೆಸುವ ಬಟ್ಟೆ ಹಿಡಿದುಕೊಂಡೇ ಕಲ್ಲಾಗಿ ನಿಂತಿದ್ದರು. ಕೊನೆಗೆ ಅಕ್ಕ ತಂಗಿಯ ಮುಖ ನೋಡಿದರು.

“ಈ ಸಲ ಸರದಿ ನಿಂದಲ್ವೇನೇ? ದಾರದ ರೀಲಂತೆ,” ಎಂದು ಕೈ ಮುಂದೆ ಚಾಚಿದರು. “ಸುತ್ತೋದೇನೂ ಬೇಡ. ಕೈಗೇ ಕೊಡು.”